ನಮ್ಮ ತುಮಕೂರಿನ ಡಿಗ್ರಿ ಮಕ್ಕಳ ದಿನ ಹೇಗಿರುತ್ತದೆ? ಮಾರ್ಕೆಟ್ ರಿಸರ್ಚ್ ಮಾಡುವವರ ಹಾಗೆ ಕೇಳಿ ನೋಡೋಣವಾ?

ಕಾಮರ್ಸ್ ಮೇಡಂ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಮಾರ್ಕೆಟಿಂಗ್ ಪೇಪರ್‌ನಲ್ಲಿ ಮಾರ್ಕೆಟ್ ರಿಸರ್ಚ್, ಅಂದರೆ ಗಿರಾಕಿಗೆ ಏನು ಬೇಕು ಅಂತ ಕೇಳಿ ತಿಳಿಯೋ ಕೆಲಸದ ಬಗ್ಗೆ ಒಂದು ಯೂನಿಟ್ ಬರುತ್ತದೆ. ಮಕ್ಕಳು ಪ್ರತಿ ವರ್ಷ ಸೋಪು, ಶಾಂಪೂ, ಸ್ಕೂಟರ್ ಅಂತ ಪ್ರಾಜೆಕ್ಟ್ ಮಾಡಿಕೊಂಡು ಬರುತ್ತಾರೆ. ಈ ಸಲ ಅದೇ ವಿದ್ಯೆಯನ್ನು ಅವರ ಬದುಕಿನ ಮೇಲೆ ಬಳಸೋಣ ಅಂತ ನನ್ನ ಆಸೆ.

ಯಾಕೆ ಅಂದರೆ, ನಮ್ಮ ಆಫೀಸಿನಲ್ಲಿ ಒಬ್ಬ ವಿದ್ಯಾರ್ಥಿಯ ಬಗ್ಗೆ ಏನೇನಿದೆ ನೋಡಿ. ಅಂಕಪಟ್ಟಿ, ಹಾಜರಾತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್. ಆದರೆ ಆ ಹುಡುಗಿ ಬೆಳಿಗ್ಗೆ ತಿಂಡಿ ತಿಂದು ಬಂದಳಾ, ಸಂಜೆ ಮನೆ ಸೇರೋದು ಎಷ್ಟೊತ್ತಿಗೆ, ಓದೋಕೆ ಕೂರಲು ಜಾಗ ಇದೆಯಾ, ಡಿಗ್ರಿ ಮುಗಿದ ಮೇಲೆ ಏನು ಮಾಡಬೇಕು ಅಂತ ಮನಸ್ಸಿನಲ್ಲಿದೆ ಅನ್ನೋದು ಯಾವ ಫೈಲಿನಲ್ಲೂ ಇಲ್ಲ. ಒಂದು ಬಿಸ್ಕತ್ತಿನ ಕಂಪನಿ ಗಿರಾಕಿ ಬಗ್ಗೆ ಇಷ್ಟು ಕಮ್ಮಿ ತಿಳಿದುಕೊಂಡು ಮಾರುಕಟ್ಟೆಗೆ ಇಳಿಯೋದೇ ಇಲ್ಲ.

ಸಮೀಕ್ಷೆಗಳು ಇಲ್ಲ ಅಂತಲ್ಲ. ದೇಶದ ಉನ್ನತ ಶಿಕ್ಷಣ ಸಮೀಕ್ಷೆ ಇದೆ. 2021-22ರ ವರದಿ ಪ್ರಕಾರ ದೇಶದಲ್ಲಿ 4.33 ಕೋಟಿ ಮಂದಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದರು, ಅದರಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಆದರೆ ಅದಕ್ಕೆ ಮಾಹಿತಿ ತುಂಬುವುದು ಸಂಸ್ಥೆಗಳು, ಮಕ್ಕಳಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಮಕ್ಕಳನ್ನೇ ಕೇಳುತ್ತದೆ. 20 ಆಯ್ಕೆಯ ಪ್ರಶ್ನೆ, ಕೊನೆಗೆ ಬರೆದು ಉತ್ತರಿಸುವ ಒಂದು ಪ್ರಶ್ನೆ. ಸಿಲಬಸ್ ಎಷ್ಟು ಮುಗಿಯಿತು, ಟೀಚರ್ ತಯಾರಾಗಿ ಬರುತ್ತಾರಾ, ಇಂಥವು. ಬೇಕಾದ ಪ್ರಶ್ನೆಗಳೇ. ಆದರೆ ಅವೆಲ್ಲ ಕಾಲೇಜಿನ ಬಗ್ಗೆ. ಹುಡುಗನ ದಿನದ ಬಗ್ಗೆ ಏನೂ ಇಲ್ಲ.

ತುಮಕೂರು ವಿಶ್ವವಿದ್ಯಾಲಯ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಶುರುವಾದದ್ದು 2004ರಲ್ಲಿ. ಜಿಲ್ಲೆಯ ಹತ್ತೂ ತಾಲ್ಲೂಕಿನ ಮಕ್ಕಳು ಇಲ್ಲಿ ಓದುತ್ತಾರೆ. ಕುಣಿಗಲ್ ಹುಡುಗನ ದಿನವೂ ಪಾವಗಡದ ಹುಡುಗನ ದಿನವೂ ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ನಾವು ಮಾತ್ರ ಇಬ್ಬರಿಗೂ ಬೆಳಿಗ್ಗೆ ಒಂಬತ್ತೂವರೆಗೆ ಒಂದೇ ಬೆಲ್ ಹೊಡೆಯುತ್ತೇವೆ.

ಫೈನಲ್ ಇಯರ್ ಮಕ್ಕಳ ಕೈಲಿ ಈ ಸರ್ವೆ ಮಾಡಿಸಬೇಕು ಅಂತಿದ್ದೇನೆ. ಫೀಲ್ಡ್ ಕೆಲಸ ಗೊತ್ತಿರೋರು, ಓದುತ್ತಿರೋರು, ಮಕ್ಕಳನ್ನು ಹತ್ತಿರದಿಂದ ನೋಡೋರು ದಯವಿಟ್ಟು ಹೇಳಿ. ಏನು ಕೇಳಬೇಕು, ಹೇಗೆ ಕೇಳಬೇಕು?

ಶಿರಾ ಗೇಟ್ ಹುಡುಗ

ಮೇಡಂ, ನಾನು ಬಿ.ಎ. ಎರಡನೇ ವರ್ಷ. ಫಾರ್ಮ್ ತುಂಬೋದು ನಮಗೆ ಹೊಸದಲ್ಲ. ಪರೀಕ್ಷೆ ಹತ್ತಿರ ಬಂದಾಗ ಲಿಂಕ್ ಕಳಿಸುತ್ತಾರೆ, ತುಂಬಿಲ್ಲ ಅಂದರೆ ಕ್ಲಾಸ್ ಗ್ರೂಪಿನಲ್ಲಿ ಹೆಸರು ಹಾಕುತ್ತಾರೆ. ಮೊದಲನೇ ಪ್ರಶ್ನೆಯೇ ರಿಜಿಸ್ಟರ್ ನಂಬರ್. ಇಂಟರ್ನಲ್ ಮಾರ್ಕ್ಸ್ ಟೀಚರ್‌ಗಳ ಕೈಲೇ ಇರುವಾಗ ಯಾರು ತಾನೇ ನಿಜ ಬರೆಯುತ್ತಾರೆ? ಎಲ್ಲದಕ್ಕೂ ಐದಕ್ಕೆ ಐದು ಒತ್ತಿ ಕಳಿಸುತ್ತೇವೆ. ಅರ್ಧ ನಿಮಿಷದ ಕೆಲಸ.

ಇನ್ನೊಂದು ಮಾತು. ತುಂಬಿದ ಮೇಲೆ ಅದರಲ್ಲಿ ಏನು ಬಂತು ಅಂತ ನಮಗೆ ಯಾರೂ ಇಲ್ಲಿವರೆಗೆ ಹೇಳಿಲ್ಲ. ನೀವು ಮಾಡೋದಾದರೆ ಫಲಿತಾಂಶ ನೋಟೀಸ್ ಬೋರ್ಡಿಗೆ ಹಾಕುತ್ತೇವೆ ಅಂತ ಮೊದಲೇ ಹೇಳಿ. ಆಗ ನಮ್ಮ ಹುಡುಗರು ಮನಸ್ಸಿಟ್ಟು ಉತ್ತರ ಕೊಡುತ್ತಾರೆ.

ಫೀಲ್ಡ್ ಅಣ್ಣ (ಕುಣಿಗಲ್, ಈಗ ಬೆಂಗಳೂರು)

ಮೇಡಂ, ನಾನು ಮಾರ್ಕೆಟ್ ರಿಸರ್ಚ್ ಫೀಲ್ಡ್ ಸೂಪರ್‌ವೈಸರ್ ಆಗಿ ಕೆಲಸ ಮಾಡುತ್ತೇನೆ. ಎಣ್ಣೆ, ಟೀ ಪುಡಿ, ಫೋನು, ಎಲ್ಲದಕ್ಕೂ ಮನೆಮನೆ ಬಾಗಿಲು ತಟ್ಟಿದ್ದೇವೆ. ನೀವು ಮಾಡಹೊರಟಿರೋದು ಒಳ್ಳೇ ಕೆಲಸ. ನನಗೆ ಗೊತ್ತಿರೋದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೇದು, ಪ್ರಶ್ನಾವಳಿಯಿಂದ ಶುರು ಮಾಡಬೇಡಿ. ಮಕ್ಕಳ ಬದುಕಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಪ್ರಶ್ನೆ ಬರೆದರೆ, ನಿಮ್ಮ ತಲೆಯಲ್ಲಿ ಇರೋದೇ ಆಯ್ಕೆಗಳಾಗಿ ಬರುತ್ತವೆ. ಮೊದಲು ಗುಂಪು ಮಾತುಕತೆ ಮಾಡಿ. ಒಂದು ಗುಂಪಿಗೆ ಆರರಿಂದ ಎಂಟು ಜನ. ಹುಡುಗಿಯರು ಬೇರೆ, ಹುಡುಗರು ಬೇರೆ. ಹಾಸ್ಟೆಲಿನವರು ಬೇರೆ, ಊರಿಂದ ಓಡಾಡೋರು ಬೇರೆ. ಸ್ಟಾಫ್ ರೂಮಿನಲ್ಲಿ ಬೇಡ, ಪಾಠ ಮಾಡೋರು ಯಾರೂ ಅಲ್ಲಿ ಇರಬಾರದು. ನೀವೂ ಇರಬೇಡಿ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಕಾಲೇಜಿನ ಒಬ್ಬ ಸೀನಿಯರ್ ಹುಡುಗಿಯನ್ನು ಕೂರಿಸಿ.

ಎರಡನೇದು, ‘ಸಾಮಾನ್ಯವಾಗಿ ದಿನಕ್ಕೆ ಎಷ್ಟು ಹೊತ್ತು ಓದುತ್ತೀಯಾ’ ಅಂತ ಕೇಳಬೇಡಿ. ಯಾರನ್ನು ಕೇಳಿದರೂ ಮೂರು ಗಂಟೆ ಅಂತಾರೆ. ಸುಳ್ಳು ಹೇಳಬೇಕು ಅಂತಲ್ಲ, ಹಾಗೆ ಕೇಳಿದಾಗ ಮನುಷ್ಯರಿಗೆ ತಾವು ಹೇಗಿರಬೇಕು ಅಂತಿರುತ್ತದೋ ಅದೇ ನೆನಪಾಗುತ್ತದೆ. ‘ನಿನ್ನೆ ಏನು ಮಾಡಿದೆ’ ಅಂತ ಕೇಳಿ. ಎದ್ದಿದ್ದು ಎಷ್ಟೊತ್ತಿಗೆ, ಆಮೇಲೆ ಏನು, ಅದಾದ ಮೇಲೆ ಏನು. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲೂ 2024ರಲ್ಲೂ ನಡೆದದ್ದು ಹೀಗೇ. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಮಾರನೇ ದಿನ 4 ಗಂಟೆವರೆಗೆ, ಅರ್ಧ ಅರ್ಧ ಗಂಟೆಗೆ ಒಂದೊಂದು ಕಾಲಂ. ಅದರಲ್ಲಿ ಸಿಕ್ಕಿದ್ದು ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಅದು 289 ಮತ್ತು 88. ‘ನಿಮಗೆ ಮನೆಗೆಲಸ ಜಾಸ್ತಿ ಆಗುತ್ತಾ’ ಅಂತ ಕೇಳಿದ್ದರೆ ಈ ಲೆಕ್ಕ ಹೊರಗೆ ಬರುತ್ತಲೇ ಇರಲಿಲ್ಲ.

ಮೂರನೇದು ಆದ್ಯತೆ. ಒಂದರಿಂದ ಐದರವರೆಗೆ ಗುರುತು ಹಾಕಿಸೋ ಪದ್ಧತಿ 1932ರಲ್ಲಿ ಲಿಕರ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ತಂದಿದ್ದು. ಅಭಿಪ್ರಾಯ ಅಳೆಯೋಕೆ ಸರಿ. ಆದರೆ ‘ಕೆಲಸ ಮುಖ್ಯವಾ, ಓದು ಮುಖ್ಯವಾ, ಸ್ನೇಹಿತರು ಮುಖ್ಯವಾ, ಆರೋಗ್ಯ ಮುಖ್ಯವಾ’ ಅಂತ ಕೇಳಿದರೆ ಎಲ್ಲದಕ್ಕೂ ಐದು ಬರುತ್ತದೆ. ಎಲ್ಲವೂ ಮುಖ್ಯವೇ ಅಲ್ವಾ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸೋ ಹಾಗೆ ಮಾಡಬೇಕು.

ಇದಕ್ಕೆ ಫೋನೂ ಬೇಡ, ಕಂಪ್ಯೂಟರೂ ಬೇಡ. ಒಂದು ಹಿಡಿ ಹುಣಸೆ ಬೀಜ ಸಾಕು, ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ. ಆರೇಳು ಪೇಪರ್ ಕಪ್ ಇಡಿ. ಮೇಲೆ ಚೀಟಿ ಅಂಟಿಸಿ: ಬೇಗ ಕೆಲಸ, ಇನ್ನೂ ಮುಂದೆ ಓದು, ಮನೆಗೆ ದುಡ್ಡು, ಸ್ಪರ್ಧಾತ್ಮಕ ಪರೀಕ್ಷೆ, ಮದುವೆ ಮುಂದಕ್ಕೆ ಹಾಕೋದು, ಇಂಗ್ಲಿಷ್ ಮಾತಾಡೋದು, ಹೀಗೆ. ಕೈಗೆ ಇಪ್ಪತ್ತು ಬೀಜ ಕೊಟ್ಟು ಹಂಚು ಅನ್ನಿ. ಪಕ್ಕದಲ್ಲಿ ನಿಂತು ಕೈ ನೋಡಿ. ಮೊದಲು ಎಲ್ಲ ಕಪ್ಪಿಗೂ ಎರಡು ಮೂರು ಹಾಕುತ್ತಾರೆ. ಆಮೇಲೆ ಒಂದು ಕಪ್ಪಿಂದ ಎರಡು ತೆಗೆದು ಕೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಾರೆ. ಕೊನೆಗೆ ಇನ್ನೊಂದಕ್ಕೆ ಹಾಕುತ್ತಾರೆ. ಆ ಎರಡು ಬೀಜ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬರೆದುಕೊಳ್ಳಿ. ‘ಇದನ್ನು ಯಾಕೆ ತೆಗೆದೆ’ ಅಂತ ಆಗ ಕೇಳಿದರೆ ಮನಸ್ಸಿನಲ್ಲಿ ಇರೋದು ಬಾಯಿಗೆ ಬರುತ್ತದೆ.

ಕೊರಟಗೆರೆ ತಂಗಿ

ಫೀಲ್ಡ್ ಅಣ್ಣ ಹೇಳಿದ ಹಾಗೆ ನಿನ್ನೆಯ ದಿನ ಬರೆದು ನೋಡಿದೆ. ಮೇಡಂಗೆ ಉಪಯೋಗ ಆಗಬಹುದು ಅಂತ ಇಲ್ಲೇ ಹಾಕುತ್ತಿದ್ದೇನೆ.

ಎದ್ದಿದ್ದು ಐದಕ್ಕೆ ಮುಂಚೆ. ಕೊಟ್ಟಿಗೆ ಗುಡಿಸಿ, ಅಮ್ಮ ಹಾಲು ಕರೆಯೋವಷ್ಟರಲ್ಲಿ ನಲ್ಲಿ ನೀರು ಹಿಡಿದೆ. ಡೈರಿಗೆ ಹಾಲು ಹಾಕಿ ಬಂದು ಸ್ನಾನ. ತಮ್ಮನ ಡಬ್ಬಿ, ನನ್ನ ಡಬ್ಬಿ ಕಟ್ಟಿದೆ. ಏಳೂಕಾಲಿಗೆ ಬಸ್. ಅದು ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಮೊದಲನೇ ಪೀರಿಯಡ್ ಹೋಗಿರುತ್ತದೆ. ಸೀಟ್ ಸಿಗಲಿಲ್ಲ, ಕೊರಟಗೆರೆ ದಾಟಿದ ಮೇಲೆ ಸಿಕ್ಕಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ನಮಗೆ ಟಿಕೆಟ್ ದುಡ್ಡು ಉಳಿಯಿತು. ಅದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಮನೆಯಲ್ಲಿ ಕೇಳಬೇಕು, ನನ್ನನ್ನು ಡಿಗ್ರಿಗೆ ಕಳಿಸೋಕೆ ಅಪ್ಪ ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಆದರೆ ನಿಂತುಕೊಂಡು ಬರುವಾಗ ಓದೋಕೆ ಆಗಲ್ಲ.

ಕ್ಲಾಸ್ ಮುಗಿದದ್ದು ಮೂರೂವರೆಗೆ. ಲೈಬ್ರರಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಕಾದೆ. ಮನೆ ಸೇರಿದಾಗ ಆರೂ ಮುಕ್ಕಾಲು. ಮುದ್ದೆ ಮಾಡಿ, ಪಾತ್ರೆ ತೊಳೆದು, ಪುಸ್ತಕ ತೆಗೆದಾಗ ಒಂಬತ್ತೂವರೆ ಆಗಿತ್ತು. ಓದಿದ್ದು ಮುಕ್ಕಾಲು ಗಂಟೆ. ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ದಿನಕ್ಕೆ ಎರಡು ಗಂಟೆ ಓದುತ್ತೇನೆ ಅಂತಲೇ ಹೇಳುತ್ತಿದ್ದೆ.

ಮೇಡಂ, ನಿಮ್ಮ ಫಾರ್ಮಿನಲ್ಲಿ ‘ಪ್ರಯಾಣ’ ಅಂತ ಒಂದೇ ಕಾಲಂ ಇಡಬೇಡಿ. ಬಸ್ಸಿನಲ್ಲಿ ಕೂತಿರೋದು, ನಿಂತಿರೋದು, ಬಸ್ಸಿಗೆ ಕಾಯೋದು ಮೂರೂ ಬೇರೆ ಬೇರೆ. ಕಾಯೋ ಹೊತ್ತಿನಲ್ಲಿ ಕೂರೋಕೆ ಬೆಳಕಿರೋ ಜಾಗ ಇದ್ದರೆ ನಾವು ಅಲ್ಲೇ ಓದಿಕೊಳ್ಳುತ್ತೇವೆ.

ಕಾಮರ್ಸ್ ಮೇಡಂ, ತುಮಕೂರು

ತಂಗಿ, ತುಂಬಾ ಥ್ಯಾಂಕ್ಸ್ ಕಣಮ್ಮ. ಇದನ್ನು ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಓದಿ ಹೇಳಬಹುದಾ? ಹೆಸರು, ಊರು ಏನೂ ಹೇಳಲ್ಲ. ಬೇಡ ಅಂದರೆ ಬೇಡ.

ಕೊರಟಗೆರೆ ತಂಗಿ

ಓದಿ ಮೇಡಂ. ಡೈರಿ ಅನ್ನೋದು ಮಾತ್ರ ಬಿಟ್ಟುಬಿಡಿ, ನಮ್ಮ ಕ್ಲಾಸಿನವರಿಗೆ ನಾನೇ ಅಂತ ಗೊತ್ತಾಗುತ್ತದೆ.

ಎಸ್.ಎಸ್. ಪುರಂ ಮೆಸ್

ನಾನು ಓದಿದೋನಲ್ಲ, ಪೇಯಿಂಗ್ ಗೆಸ್ಟ್ (ಪಿ.ಜಿ.) ರೂಮಿನ ಹುಡುಗರಿಗೆ ಮೆಸ್ ನಡೆಸುತ್ತೇನೆ. ಸರ್ವೆ ಗಿರ್ವೆ ನನಗೆ ಗೊತ್ತಿಲ್ಲ. ಆದರೆ ಹುಡುಗರ ಕೈಲಿ ದುಡ್ಡಿದೆಯಾ ಇಲ್ಲವಾ ಅಂತ ನನಗೆ ಕೇಳದೇ ತಿಳಿಯುತ್ತದೆ.

ತಿಂಗಳ ಮೊದಲ ವಾರ ಮೂರು ಹೊತ್ತೂ ಬರುತ್ತಾರೆ. ಇಪ್ಪತ್ತನೇ ತಾರೀಖಿನ ಮೇಲೆ ಬೆಳಿಗ್ಗೆ ತಿಂಡಿಗೆ ಬರೋರು ಕಮ್ಮಿಯಾಗುತ್ತಾರೆ. ಹತ್ತೂವರೆ ಹನ್ನೊಂದಕ್ಕೆ ಬಂದು ಎರಡು ತಟ್ಟೆ ಇಡ್ಲಿ ತಿಂದು ಹೋಗುತ್ತಾರೆ, ಅದೇ ತಿಂಡಿ, ಅದೇ ಊಟ. ರಾತ್ರಿ ಒಂದು ಪಾರ್ಸೆಲ್ ತಗೊಂಡು ‘ಅಣ್ಣ, ಅನ್ನ ಸ್ವಲ್ಪ ಜಾಸ್ತಿ ಹಾಕಿ’ ಅಂತಾರೆ. ರೂಮಿನಲ್ಲಿ ಇಬ್ಬರು ತಿನ್ನುತ್ತಾರೆ ಅಂತ ನನಗೆ ಗೊತ್ತು, ಹಾಕಿ ಕೊಡುತ್ತೇನೆ. ವಿದ್ಯಾಸಿರಿ ಬರೋ ಹುಡುಗರಿಗೆ ಊಟ, ವಸತಿಗೆ ಅಂತ ಸರ್ಕಾರದ ಹತ್ತು ತಿಂಗಳ ದುಡ್ಡು ಇರುತ್ತದೆ. ಅದು ಖಾತೆಗೆ ಬೀಳೋವರೆಗೆ ಲೆಕ್ಕದ ಪುಸ್ತಕದಲ್ಲಿ ಬರೆಸುತ್ತಾರೆ. ಬಿದ್ದ ದಿನವೇ ತಂದು ಕೊಡುತ್ತಾರೆ. ನಿಯತ್ತಿನ ಮಕ್ಕಳು.

ಇವರನ್ನೇ ಕಾಲೇಜಿನಲ್ಲಿ ನಿಲ್ಲಿಸಿ ‘ಊಟ ಸರಿ ಆಗುತ್ತಾ’ ಅಂತ ಕೇಳಿದರೆ ಹೂಂ ಅಂತಾರೆ. ಅಷ್ಟು ಜನದ ಮುಂದೆ ಇಲ್ಲ ಅನ್ನೋಕೆ ಅವರಿಗೂ ಮಾನ ಇರುತ್ತದೆ ಅಲ್ವಾ ಮೇಡಂ.

ಫೀಲ್ಡ್ ಅಣ್ಣ (ಕುಣಿಗಲ್, ಈಗ ಬೆಂಗಳೂರು)

ಅಣ್ಣ, ಇದನ್ನೇ ನಮ್ಮ ಕೆಲಸದಲ್ಲಿ ಗಮನಿಸಿ ತಿಳಿಯೋದು ಅಂತೀವಿ. ಕಂಪನಿಗಳು ಅಂಗಡಿಯ ಬಿಲ್ಲಿನ ಲೆಕ್ಕ ದುಡ್ಡು ಕೊಟ್ಟು ಕೊಂಡುಕೊಳ್ಳೋದು ಇದಕ್ಕೇ. ಬಾಯಿ ಮಾತು ಒಂದು ಕಡೆ, ಖರ್ಚು ಇನ್ನೊಂದು ಕಡೆ. ಮೇಡಂ, ಎಲ್ಲರನ್ನೂ ತಿಂಗಳ ಮೊದಲ ವಾರದಲ್ಲೇ ಕೇಳಿ ಮುಗಿಸಬೇಡಿ. ಅರ್ಧ ಮಂದಿಯನ್ನು ಮೊದಲ ವಾರ, ಇನ್ನರ್ಧ ಮಂದಿಯನ್ನು ಕೊನೆಯ ವಾರ ಕೇಳಿ. ‘ನಿನ್ನೆ ಎಷ್ಟು ಸಲ ತಿಂದೆ, ಏನು ತಿಂದೆ’ ಅಂತ ಕೇಳಿದರೆ ಮಾನದ ಪ್ರಶ್ನೆ ಬರಲ್ಲ.

ತಿಪಟೂರು ಮೇಷ್ಟ್ರು (ನಿವೃತ್ತ)

ಚರ್ಚೆ ಓದುತ್ತಿದ್ದೇನೆ. ಒಳ್ಳೆಯ ಮನಸ್ಸಿನಿಂದ ಮಾಡುತ್ತಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದರೂ ನನಗೊಂದು ಆತಂಕ ಇದೆ, ಹೇಳಲೇಬೇಕು.

ಮಾರ್ಕೆಟ್ ರಿಸರ್ಚ್ ಹುಟ್ಟಿದ್ದು ಮಾರೋಕೆ. ಗಿರಾಕಿಗೆ ಏನು ಬೇಕೋ ಅದನ್ನು ಕೊಡು ಅನ್ನೋದು ಅದರ ಧರ್ಮ. ವಿದ್ಯಾರ್ಥಿ ಗಿರಾಕಿ ಅಲ್ಲ. ಹದಿನೆಂಟು ವರ್ಷದ ಹುಡುಗನಿಗೆ ತನಗೆ ಏನು ಬೇಕು ಅನ್ನೋದೇ ಇನ್ನೂ ಗೊತ್ತಿರಲ್ಲ, ಅದನ್ನು ತೋರಿಸೋಕೇ ನಾವಿರೋದು. ನಾಳೆ ನಿಮ್ಮ ಕಪ್ಪುಗಳಲ್ಲಿ ಸಾಹಿತ್ಯಕ್ಕೆ ಒಂದೂ ಬೀಜ ಬೀಳಲಿಲ್ಲ ಅನ್ನಿ. ಕನ್ನಡ ಐಚ್ಛಿಕ ಮುಚ್ಚಿಬಿಡುತ್ತೀರಾ? ಲೈಬ್ರರಿಗೆ ಬೀಜ ಬೀಳಲಿಲ್ಲ ಅಂತ ಪುಸ್ತಕ ಕೊಳ್ಳೋದು ನಿಲ್ಲಿಸಬೇಕಾ? ಹೀಗೆ ಲೆಕ್ಕ ತೋರಿಸಿ ವಿಭಾಗಗಳನ್ನು ಮುಚ್ಚೋಕೆ ಕಾಯುತ್ತಿರೋ ಆಡಳಿತ ಮಂಡಳಿಗಳನ್ನು ನನ್ನ ಸರ್ವಿಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ನೀವು ಅವರ ಕೈಗೆ ಕೊಡಲಿ ಕೊಡಬೇಡಿ.

ಕಾಮರ್ಸ್ ಮೇಡಂ, ತುಮಕೂರು

ಸರ್, ನಿಮ್ಮ ಆತಂಕ ನನಗೂ ಇದೆ, ಹೇಳಿದ್ದು ಒಳ್ಳೇದಾಯಿತು. ನಾನು ಈ ವಿದ್ಯೆಯಿಂದ ತಗೊಳ್ಳೋಕೆ ಹೊರಟಿರೋದು ಕೇಳುವ ಶಿಸ್ತನ್ನು ಮಾತ್ರ. ಏನು ಕಲಿಸಬೇಕು ಅನ್ನೋದನ್ನು ಬೀಜದ ಎಣಿಕೆಗೆ ಬಿಡೋ ಮಾತೇ ಇಲ್ಲ. ಯಾವ ವಿಷಯ ಇರಬೇಕು, ಯಾವುದು ಬೇಡ ಅನ್ನೋ ಪ್ರಶ್ನೆಯನ್ನೇ ನಾವು ಕೇಳಲ್ಲ ಅಂತ ಮೊದಲೇ ಬರೆದಿಡುತ್ತೇವೆ.

ಲೈಬ್ರರಿ ವಿಷಯ ತಗೊಳ್ಳಿ ಸರ್. ತಂಗಿಯ ದಿನ ಓದಿದಿರಲ್ಲ. ಅವಳು ಲೈಬ್ರರಿಗೆ ಹೋಗಲಿಲ್ಲ. ರಿಜಿಸ್ಟರ್ ನೋಡಿದರೆ ‘ಮಕ್ಕಳಿಗೆ ಓದುವ ಆಸಕ್ತಿ ಇಲ್ಲ’ ಅಂತ ಬರೆದುಬಿಡುತ್ತೇವೆ. ದಿನಚರಿ ನೋಡಿದರೆ ಗೊತ್ತಾಗುತ್ತದೆ, ಕ್ಲಾಸ್ ಬಿಡೋದಕ್ಕೂ ಬಸ್ಸಿಗೂ ನಡುವೆ ಅವಳಿಗೆ ಪುಸ್ತಕ ತೆಗೆಸಿ ಕೂರುವಷ್ಟು ಹೊತ್ತೇ ಇಲ್ಲ. ಮಧ್ಯಾಹ್ನ ಊಟದ ವೇಳೆಯಲ್ಲಿ ಲೈಬ್ರರಿ ತೆಗೆದಿದ್ದರೆ? ಪುಸ್ತಕ ಮನೆಗೆ ಒಯ್ಯೋಕೆ ಎರಡರ ಬದಲು ನಾಲ್ಕು ಕೊಟ್ಟರೆ? ಇದು ಲೈಬ್ರರಿಯನ್ನು ಉಳಿಸೋ ಲೆಕ್ಕ ಸರ್. ಸಾಹಿತ್ಯದ ಕ್ಲಾಸಿಗೆ ಮಕ್ಕಳು ಬರುತ್ತಿಲ್ಲ ಅಂದಾಗಲೂ ನಾನು ಮೊದಲು ನೋಡೋದು ಅದು ಮೊದಲನೇ ಪೀರಿಯಡ್ಡಾ ಅಂತ.

ತಿಪಟೂರು ಮೇಷ್ಟ್ರು (ನಿವೃತ್ತ)

ಹಾಗಾದರೆ ಒಪ್ಪುತ್ತೇನಮ್ಮ. ಆ ಷರತ್ತನ್ನು ವರದಿಯ ಮೊದಲ ಪುಟದಲ್ಲೇ ಹಾಕಿ.

ಅಂಕಿಅಂಶದ ಹುಡುಗಿ

ನಾನು ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್. ಇಲ್ಲಿವರೆಗೆ ಏನು ಕೇಳಬೇಕು ಅಂತ ಬಂತು. ಯಾರನ್ನು ಕೇಳಬೇಕು ಅನ್ನೋದು ಬಂದಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಅಂತಾರೆ. ನಿಜ, ಆದರೆ ಪಾತ್ರೆಯನ್ನು ತಳದವರೆಗೆ ತಿರುವಿದ ಮೇಲೆ ತೆಗೆದ ಅಗುಳಾಗಿರಬೇಕು. ಅಮೆರಿಕದಲ್ಲಿ 1936ರ ಅಧ್ಯಕ್ಷರ ಚುನಾವಣೆಯಲ್ಲಿ ಒಂದು ದೊಡ್ಡ ಪತ್ರಿಕೆ ಯಾರಿಗೆ ಮತ ಅಂತ ಕೇಳಿ ಸುಮಾರು 1 ಕೋಟಿ ಜನಕ್ಕೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದಿದ್ದು ರೂಸ್‌ವೆಲ್ಟ್, ಅದೂ 48 ರಾಜ್ಯದಲ್ಲಿ 46 ಗೆದ್ದು. ಪತ್ರಿಕೆ ವಿಳಾಸ ತಗೊಂಡಿದ್ದು ಟೆಲಿಫೋನ್ ಪುಸ್ತಕ, ಕಾರಿನ ನೋಂದಣಿ ಪಟ್ಟಿಗಳಿಂದ. ಆ ಕಾಲಕ್ಕೆ ಅವು ಇದ್ದದ್ದು ಉಳ್ಳವರ ಮನೆಯಲ್ಲಿ. ಜೊತೆಗೆ ಉತ್ತರ ಕಳಿಸದವರೇ ಜಾಸ್ತಿ ಇದ್ದರು. ಅದೇ ಚುನಾವಣೆಯಲ್ಲಿ ಗ್ಯಾಲಪ್ ಅನ್ನೋ ಸಮೀಕ್ಷೆ ಮಾಡುವವರು ಅದಕ್ಕಿಂತ ಎಷ್ಟೋ ಸಣ್ಣ ಸ್ಯಾಂಪಲ್ ಇಟ್ಟುಕೊಂಡು ಸರಿಯಾಗಿ ಹೇಳಿದರು.

ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿದರೆ ನಮ್ಮಲ್ಲೂ ಇದೇ ಆಗುತ್ತದೆ. ಬಿಡುವಿರೋರು, ಡೇಟಾ ಇರೋರು, ತಮ್ಮದೇ ಫೋನ್ ಇರೋರು ಉತ್ತರಿಸುತ್ತಾರೆ. ಅಣ್ಣನ ಫೋನಿನಲ್ಲಿ ವಾಟ್ಸಾಪ್ ನೋಡೋ ಹುಡುಗಿ ಲೆಕ್ಕಕ್ಕೇ ಬರಲ್ಲ. ಕ್ಲಾಸಿಗೆ ಹೋಗಿ ಕೇಳಿದರೂ ಆ ದಿನ ಬಂದವರು ಮಾತ್ರ ಸಿಗುತ್ತಾರೆ. ಬರದವರ ದಿನ ಹೇಗಿದೆ ಅಂತ ತಿಳಿಯೋದೇ ನಮ್ಮ ಉದ್ದೇಶ ಅಲ್ವಾ?

ಹಾಗಾಗಿ ಹಾಜರಾತಿ ಪುಸ್ತಕದ ಎಲ್ಲ ಹೆಸರಿಂದ ಲಾಟರಿ ಹಾಕಿ ಆರಿಸಿ. ಮೊದಲು ಗುಂಪು ಮಾಡಿಕೊಳ್ಳಿ: ಊರಿಂದ ಬಸ್ಸಿನಲ್ಲಿ ಬರೋರು, ರೈಲಿನವರು, ಸರ್ಕಾರಿ ಹಾಸ್ಟೆಲ್, ಮಠದ ಹಾಸ್ಟೆಲ್, ಪಿ.ಜಿ., ಪೇಟೆಯಲ್ಲೇ ಮನೆ ಇರೋರು. ಪ್ರತಿ ಗುಂಪಿನಿಂದಲೂ ಎತ್ತಿ. ಒಟ್ಟು 400 ಜನ ಲಾಟರಿಯಿಂದ ಸಿಕ್ಕಿದರೆ ಒಟ್ಟಾರೆ ಶೇಕಡಾವಾರು ಲೆಕ್ಕದಲ್ಲಿ 5 ಅಂಶ ಆಚೆ ಈಚೆ ಆಗಬಹುದು, ಅಷ್ಟು ಸಾಕು. ಆದರೆ ಪಾವಗಡದವರದ್ದೇ ಬೇರೆ ಲೆಕ್ಕ ಬೇಕು ಅಂದರೆ ಪಾವಗಡದವರನ್ನೇ ಜಾಸ್ತಿ ತಗೊಳ್ಳಬೇಕು. ಹೆಸರು ಬಂದವರು ಕ್ಲಾಸಿನಲ್ಲಿ ಸಿಗಲಿಲ್ಲ ಅಂದರೆ ಪಕ್ಕದವರನ್ನು ಕೇಳಿ ಬಿಡಬೇಡಿ. ಅವರನ್ನೇ ಬಸ್ ಸ್ಟ್ಯಾಂಡಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಊರಿನಲ್ಲಿ ಹುಡುಕಿ.

ಮತ್ತೆ, ನಮ್ಮ ದೇಶದ ಅಂಕಿಅಂಶ ತಜ್ಞ ಮಹಾಲನೋಬಿಸ್ ಅವರು 1930ರ ದಶಕದಲ್ಲಿ ಬಂಗಾಳದ ಸೆಣಬಿನ ಬೆಳೆ ಲೆಕ್ಕ ಮಾಡುವಾಗ ಮೊದಲು ಸಣ್ಣದಾಗಿ ಮಾಡಿ ನೋಡಿ, ಎಲ್ಲಿ ತೊಡಕಾಗುತ್ತದೆ ಅಂತ ತಿಳಿದು ಆಮೇಲೆ ದೊಡ್ಡದು ಮಾಡಿದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆ ಇದ್ದವರೂ ಅವರೇ. ನಾವೂ ಮೊದಲು ಒಂದೇ ಸೆಕ್ಷನ್ನಿನಲ್ಲಿ ಮಾಡಿ ನೋಡೋಣ. ಲೆಕ್ಕದ ಕೆಲಸಕ್ಕೆ ನಾನು ಬರುತ್ತೇನೆ ಮೇಡಂ.

ಪಾವಗಡದವನು

ಹಾಜರಾತಿ ಇಲ್ಲದವರ ಬಗ್ಗೆ ಮಾತು ಬಂತು, ಅದರಲ್ಲಿ ನಾನೂ ಒಬ್ಬ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ತುಮಕೂರಿಂದ ನೂರು ಕಿಲೋಮೀಟರ್ ಆಸುಪಾಸು. ದಿನಾ ಓಡಾಡೋಕೆ ಆಗಲ್ಲ, ಇಲ್ಲೇ ರೂಮ್ ಮಾಡಿದ್ದೇವೆ. ಬಾಡಿಗೆ ದುಡ್ಡು ಮನೆಯಿಂದ ಕೇಳೋ ಸ್ಥಿತಿ ಇಲ್ಲ. ಕೇಟರಿಂಗಿಗೆ ಬಡಿಸೋಕೆ ಹೋಗುತ್ತೇವೆ. ಸಂಜೆ ರಿಸೆಪ್ಷನ್ನು, ರಾತ್ರಿ ಚೌಟ್ರಿಯಲ್ಲೇ ಮಲಗಿ, ಬೆಳಿಗ್ಗೆ ಮುಹೂರ್ತದ ತಿಂಡಿ, ಮಧ್ಯಾಹ್ನ ಊಟ ಬಡಿಸಿ ರೂಮಿಗೆ ಬಂದರೆ ನಾಲ್ಕು ಗಂಟೆ. ಆ ದಿನದ ಕ್ಲಾಸ್ ಪೂರ್ತಿ ಹೋಯಿತು. ನಮ್ಮ ರೂಮಿನವರು ಶೇಕಡಾ 75 ಹಾಜರಾತಿ ಲೆಕ್ಕ ಹಾಕೋದು ಪಂಚಾಂಗ ಪಕ್ಕದಲ್ಲಿಟ್ಟುಕೊಂಡು. ಯಾವ ತಿಂಗಳು ಎಷ್ಟು ಮುಹೂರ್ತ ಇದೆ, ಎಷ್ಟು ದಿನ ಹೋದರೆ ಬಾಡಿಗೆ ಆಗುತ್ತದೆ ಅಂತ.

ನೀವು ಆಷಾಢದಲ್ಲಿ ಸರ್ವೆ ಮಾಡಿದರೆ ನಾವು ದಿನಾ ಕ್ಲಾಸಿನಲ್ಲಿ ಇರುತ್ತೇವೆ, ಜೇಬು ಖಾಲಿ ಇರುತ್ತದೆ. ಲಗ್ನದ ಸೀಸನ್ನಿನಲ್ಲಿ ಮಾಡಿದರೆ ದುಡ್ಡು ಇರುತ್ತದೆ, ಕ್ಲಾಸಿನಲ್ಲಿ ಇರಲ್ಲ. ಧನುರ್ಮಾಸದಲ್ಲಿ ಮತ್ತೆ ಕೆಲಸ ಇಲ್ಲ. ಕಡಲೆಕಾಯಿ ಕೀಳೋ ಹೊತ್ತಿಗೆ ಊರಿಗೆ ಹೋಗಲೇಬೇಕು. ಯಾವುದೋ ಒಂದು ‘ನಿನ್ನೆ’ ಕೇಳಿದರೆ ನಮ್ಮ ವರ್ಷ ಸಿಗಲ್ಲ. ಎರಡು ಮೂರು ಸಲ ಬಂದು ಕೇಳಿ.

ಮನೆಯಲ್ಲಿ ನಾವು ತೆಲುಗು ಮಾತಾಡೋದು. ಕನ್ನಡದಲ್ಲಿ ಕೇಳಿದರೆ ಆರಾಮಾಗಿ ಹೇಳುತ್ತೇವೆ. ಇಂಗ್ಲಿಷ್ ಫಾರ್ಮ್ ಕೊಟ್ಟರೆ ಪಕ್ಕದವನದ್ದು ನೋಡಿ ತುಂಬುತ್ತೇವೆ.

ಫೀಲ್ಡ್ ಅಣ್ಣ (ಕುಣಿಗಲ್, ಈಗ ಬೆಂಗಳೂರು)

ಪಾವಗಡದ ತಮ್ಮ, ನೀನು ಹೇಳಿದ ಪಂಚಾಂಗದ ವಿಷಯ ನಮ್ಮ ಕಂಪನಿಯ ಯಾವ ಟ್ರೈನಿಂಗಿನಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಡಂ, ಆಷಾಢದಲ್ಲಿ ಒಂದು ಸಲ, ಲಗ್ನದ ದಿನಗಳಲ್ಲಿ ಒಂದು ಸಲ, ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಒಂದು ಸಲ ಅಂತ ಇಟ್ಟುಕೊಳ್ಳಿ.

ಹಾಗೇ ವರ್ಷ ವರ್ಷವೂ ಅದೇ ಪ್ರಶ್ನೆ ಕೇಳಿ, ಪದ ಕೂಡ ಬದಲಾಯಿಸಬೇಡಿ. ಅಮೆರಿಕದಲ್ಲಿ ಕಾಲೇಜಿಗೆ ಹೊಸದಾಗಿ ಸೇರೋರನ್ನು 1966ರಿಂದ ಹೀಗೇ ಕೇಳುತ್ತಾ ಬಂದಿದ್ದಾರೆ. 60ರ ದಶಕದಲ್ಲಿ ಬದುಕಿಗೆ ಒಂದು ಅರ್ಥ ಕಂಡುಕೊಳ್ಳೋದು ಮುಖ್ಯ ಅಂದವರೇ ಜಾಸ್ತಿ. ಆಮೇಲಾಮೇಲೆ ಚೆನ್ನಾಗಿ ದುಡ್ಡು ಮಾಡೋದು ಮುಂದೆ ಬಂತು. ಒಂದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದಕ್ಕೆ ಅದು ಕಾಣಿಸಿತು. ನಮ್ಮಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಅದರಿಂದ ಮಕ್ಕಳ ದಿನದಲ್ಲಿ ಏನು ಬದಲಾಯಿತು ಅಂತ ಹೇಳೋಕೆ ಹಳೇ ಲೆಕ್ಕ ಯಾರ ಹತ್ತಿರ ಇದೆ ಹೇಳಿ?

ಲಾಯರ್ ಅಕ್ಕ, ಬಟವಾಡಿ

ಒಂದು ಎಚ್ಚರಿಕೆ. ನಮ್ಮ ಸಂಬಂಧಿಕರ ಹುಡುಗಿ ಒಬ್ಬಳು ‘ವಿದ್ಯಾರ್ಥಿವೇತನ ಸರ್ವೆ’ ಅಂತ ಬಂದ ಒಂದು ಫಾರ್ಮ್ ತುಂಬಿದಳು. ಮಾರನೇ ದಿನದಿಂದ ಕೋಚಿಂಗ್ ಸೆಂಟರಿನವರ ಫೋನು, ಸಾಲ ಕೊಡೋರ ಫೋನು. ಮನೆಯಲ್ಲಿ ಅಪ್ಪ ‘ಯಾರ್‍ಯಾರಿಗೋ ನಂಬರ್ ಕೊಟ್ಟಿದ್ದೀಯಾ’ ಅಂತ ಫೋನನ್ನೇ ಕಿತ್ತುಕೊಂಡರು. ತಪ್ಪು ಅವಳದ್ದಲ್ಲ, ಶಿಕ್ಷೆ ಅವಳಿಗೆ.

ಅದಕ್ಕೆ ಹೇಳೋದು, ಫೋನ್ ನಂಬರ್ ಕೇಳಲೇಬೇಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಆಗಿದೆ. ಯಾವ ಉದ್ದೇಶಕ್ಕೆ ಅಂತ ಹೇಳಿ, ಒಪ್ಪಿಗೆ ತಗೊಂಡು, ಆ ಉದ್ದೇಶಕ್ಕೆ ಮಾತ್ರ ಬಳಸಬೇಕು ಅನ್ನೋದು ಅದರ ಸಾರ. 18 ತುಂಬದವರದ್ದಾದರೆ ತಂದೆ ತಾಯಿ ಒಪ್ಪಿಗೆ ಬೇಕು. ಡಿಗ್ರಿ ಮೊದಲ ವರ್ಷದಲ್ಲಿ 17 ವರ್ಷದವರು ಇರುತ್ತಾರೆ, ಮರೆಯಬೇಡಿ. ಕಾನೂನು ಇರಲಿ ಇಲ್ಲದಿರಲಿ, ಸಣ್ಣ ಗುಂಪಿನ ಲೆಕ್ಕವನ್ನು ಬಿಡಿಸಿ ಬರೆಯಬೇಡಿ. ‘ಒಂದು ಊರಿನಿಂದ ಬರೋ ಇಬ್ಬರು ಹುಡುಗಿಯರು’ ಅಂತ ಬರೆದರೆ ಹೆಸರು ಬರೆದ ಹಾಗೇ. ಕೊರಟಗೆರೆ ಹುಡುಗಿ ಡೈರಿ ಬಿಟ್ಟುಬಿಡಿ ಅಂದಳಲ್ಲ, ಅಷ್ಟು ಸೂಕ್ಷ್ಮ ಇರಬೇಕು.

ಇನ್ನು, ಯಾವ ಅಂಗಡಿಯವರೂ ಪಿ.ಜಿ.ಯವರೂ ಸ್ಪಾನ್ಸರ್ ಮಾಡುತ್ತೇವೆ ಅಂತ ಬಂದರೆ ಬೇಡ ಅನ್ನಿ. ಉತ್ತರ ಕೊಟ್ಟವರಿಗೆ ಇಂಟರ್ನಲ್ ಮಾರ್ಕ್ಸ್ ಕೊಡೋದೂ ಬೇಡ, ಅದು ಒತ್ತಾಯವೇ.

ಗುಬ್ಬಿ ಅಪ್ಪ

ನನ್ನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ನಮ್ಮ ಹತ್ತಿರವೇ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು, ಆ ಕಡೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇದೆ. ಡಿಗ್ರಿ ಆದ ತಕ್ಷಣ ಹತ್ತಿರದಲ್ಲೇ ಒಂದು ಕೆಲಸ ಸಿಕ್ಕಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಇದನ್ನೆಲ್ಲ ಓದಿ ಮಗಳಿಗೆ ಹುಣಸೆ ಬೀಜ ಕೊಟ್ಟೆ. ಜಾಸ್ತಿ ಬೀಜ ಬಿ.ಎಡ್. ಓದೋಕೆ ಹಾಕಿದಳು. ನನಗೆ ಗೊತ್ತೇ ಇರಲಿಲ್ಲ. ಮೇಡಂ, ಅಪ್ಪ ಅಮ್ಮಂದಿರ ಕೈಲೂ ಬೀಜ ಹಂಚಿಸಿ. ಎರಡೂ ಪಕ್ಕಪಕ್ಕ ಇಟ್ಟು ನೋಡಿದರೆ ಮನೆಯಲ್ಲಿ ಮಾತಾಡೋಕೆ ದಾರಿ ಆಗುತ್ತದೆ.

ಕಾಮರ್ಸ್ ಮೇಡಂ, ತುಮಕೂರು

ಎಲ್ಲರ ಮಾತೂ ಬರೆದುಕೊಂಡಿದ್ದೇನೆ. ಸದ್ಯಕ್ಕೆ ಹೀಗೆ ಮಾಡೋಣ ಅಂತ.

ಮೊದಲು ಒಂದೇ ಸೆಕ್ಷನ್. ಅಂಕಿಅಂಶದ ಹುಡುಗಿ ಲಾಟರಿ ಹಾಕಿಕೊಡುತ್ತಾಳೆ. ಕೇಳೋರು ನಮ್ಮ ಕಾಲೇಜಿನವರಲ್ಲ, ಬೇರೆ ಕಾಲೇಜಿನ ಫೈನಲ್ ಇಯರ್ ಮಕ್ಕಳು. ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಕೇಳುತ್ತಾರೆ. ಎಲ್ಲ ಕನ್ನಡದಲ್ಲೇ. ತೆಲುಗು, ಉರ್ದು ಬರುವ ಮಕ್ಕಳೂ ಕೇಳೋರಲ್ಲಿ ಇರುತ್ತಾರೆ. ರಿಜಿಸ್ಟರ್ ನಂಬರ್, ಫೋನ್ ನಂಬರ್ ಎರಡೂ ಇಲ್ಲ. ‘ತೃಪ್ತಿ ಇದೆಯಾ’ ಅನ್ನೋ ಪ್ರಶ್ನೆ ಒಂದೂ ಇಲ್ಲ, ನಿನ್ನೆಯ ದಿನ ಮತ್ತು ಹುಣಸೆ ಬೀಜ, ಎರಡೇ. ತಿಂಗಳ ಮೊದಲ ವಾರ ಅರ್ಧ, ಕೊನೆಯ ವಾರ ಅರ್ಧ. ಆಷಾಢ ಮುಗಿದ ಮೇಲೆ ಮತ್ತೊಮ್ಮೆ. ಅಪ್ಪ ಅಮ್ಮಂದಿರದ್ದು ಎರಡನೇ ಸುತ್ತಿನಲ್ಲಿ, ಮಕ್ಕಳು ಒಪ್ಪಿದರೆ ಮಾತ್ರ. ಬಂದ ಲೆಕ್ಕವನ್ನು ಮೊದಲು ಮಕ್ಕಳಿಗೇ ಓದಿ ಹೇಳಿ, ಸರಿಯಾಗಿದೆಯಾ ಅಂತ ಕೇಳಿ, ಆಮೇಲೆ ಪ್ರಿನ್ಸಿಪಾಲರಿಗೆ.

ಪ್ರಿನ್ಸಿಪಾಲರ ಹತ್ತಿರ ಒಂದು ಮಾತು ಈಗಾಗಲೇ ಆಡಿದ್ದೇನೆ. ಊಟದ ವೇಳೆ ಲೈಬ್ರರಿ ತೆಗೆಯೋಕೆ ಒಪ್ಪಿದ್ದಾರೆ. ಅದಕ್ಕೆ ಸರ್ವೆ ಮುಗಿಯೋವರೆಗೆ ಕಾಯೋದೇನೂ ಬೇಡ ಅನ್ನಿಸಿತು. ಪಾವಗಡದ ತಮ್ಮಾ, ಮೊದಲ ಸುತ್ತಿನ ದಿನ ಗುರುತು ಮಾಡೋವಾಗ ನಿಮ್ಮ ರೂಮಿನ ಪಂಚಾಂಗ ಬೇಕಾಗುತ್ತದೆ.

ಪಾವಗಡದವನು

ಫೋಟೋ ತೆಗೆದು ಕಳಿಸುತ್ತೇನೆ ಮೇಡಂ. ಮುಹೂರ್ತದ ದಿನಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದೇವೆ.

ಕೊರಟಗೆರೆ ತಂಗಿ

ಕಪ್ಪಿನ ಚೀಟಿ ಬರೆಯೋ ಕೆಲಸ ನಮ್ಮ ಕ್ಲಾಸಿಗೆ ಕೊಡಿ ಮೇಡಂ. ಹುಣಸೆ ಬೀಜ ನಮ್ಮ ಮನೆಯಿಂದಲೇ ತರುತ್ತೇನೆ, ಬೇಕಾದಷ್ಟಿದೆ. ಬೀಜ ಹಂಚುವಾಗ ಒಬ್ಬೊಬ್ಬರನ್ನೇ ಕರೆಯಿರಿ, ಪಕ್ಕದಲ್ಲಿ ಸ್ನೇಹಿತರಿದ್ದರೆ ಮದುವೆ ಕಪ್ಪಿಗೆ ಯಾರೂ ನಿಜ ಹಾಕಲ್ಲ. ಮತ್ತೆ ಶನಿವಾರ ಮಾತ್ರ ಇಡಬೇಡಿ. ಅವತ್ತು ಕ್ಲಾಸ್ ಬೇಗ ಬಿಡುತ್ತಾರೆ, ನಾವೆಲ್ಲ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಡುತ್ತೇವೆ.